ಮೊದಲು ರೋಗಿ, ಆಮೇಲೆ ಕೋರ್ಸು

ಮಗಳೇ, ನೀನು ಕಳಿಸಿದ ನಾಲ್ಕು ಕಾಲೇಜುಗಳ ಮಾಹಿತಿಪತ್ರಗಳನ್ನೂ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಒಂದು ಮಧುರೆಯದು, ಎರಡು ಬೆಂಗಳೂರಿನವು, ಒಂದು ಆಸ್ಟ್ರೇಲಿಯಾದ್ದು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನಮ್ಮ ತಮಿಳುನಾಡಿನ ಕಂಬಂನಲ್ಲಿ ವರ್ಷಕ್ಕೂ ಹೆಚ್ಚು ಡ್ಯೂಟಿ ಮಾಡಿದ ಮೇಲೆ, "ಅತ್ತೆ, ಇದರ ಮೇಲೆ ಏನು ಮಾಡಲಿ, ಯಾವ ಸರ್ಟಿಫಿಕೇಟಿಗೆ ಬೆಲೆ ಜಾಸ್ತಿ?" ಎಂದು ಕೇಳಿದ್ದೀಯ. ನಿನಗೆ ಕನ್ನಡ ಆಡಲು ಬರುತ್ತದೆ, ಅಕ್ಷರ ಬರುವುದಿಲ್ಲ. ಹಾಗಾಗಿ ಇದನ್ನು ನಿನಗೆ ಫೋನಿನಲ್ಲೇ ಓದಿ ಹೇಳುತ್ತೇನೆ. ಬರೆದಿಡುತ್ತಿರುವುದು ಯಾಕೆಂದರೆ, ನಿನ್ನಂಥದೇ ಪ್ರಶ್ನೆ ಹೊತ್ತ ಹುಡುಗಿಯರು ಮೈಸೂರಿನಲ್ಲೂ ಇದ್ದಾರೆ, ರಾಯಚೂರಿನಲ್ಲೂ ಇದ್ದಾರೆ.

ಪ್ರಶ್ನೆಯನ್ನು ನೀನು ತಲೆಕೆಳಗಾಗಿ ಹಿಡಿದಿದ್ದೀಯ ಅನ್ನಿಸಿತು. ಯಾವ ಸರ್ಟಿಫಿಕೇಟು ಎನ್ನುವುದು ಎರಡನೇ ಮಾತು. ಡ್ಯೂಟಿ ಮುಗಿದು ಹ್ಯಾಂಡ್‌ಓವರ್ ಕೊಟ್ಟ ಮೇಲೂ ಯಾವ ರೋಗಿಯ ಹಾಸಿಗೆಯ ಹತ್ತಿರ ನಿನ್ನ ಕಾಲು ತಾನಾಗಿ ನಿಲ್ಲುತ್ತದೆ ಎನ್ನುವುದು ಮೊದಲನೇ ಮಾತು. ಅದು ಗೊತ್ತಾದರೆ ಕೋರ್ಸು ಹುಡುಕುವುದು ಕಷ್ಟವಲ್ಲ.

ಮೊದಲು ಈ ಕಾಗದಗಳ ಲೆಕ್ಕ ಹೇಳಿಬಿಡುತ್ತೇನೆ, ಅಲ್ಲೇ ಹುಡುಗಿಯರು ಮೋಸ ಹೋಗುವುದು. ನಮ್ಮ ದೇಶದಲ್ಲಿ ನರ್ಸಿಂಗ್ ಓದಿದವರಿಗೆ ಗಟ್ಟಿಯಾದ ವಿಶೇಷ ತರಬೇತಿ ಎಂದರೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಪಠ್ಯಕ್ರಮ ರೂಪಿಸಿದ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ. ತೀವ್ರ ನಿಗಾ, ತುರ್ತು ಮತ್ತು ವಿಪತ್ತು, ಕ್ಯಾನ್ಸರ್, ನವಜಾತ ಶಿಶು, ಆಪರೇಷನ್ ಥಿಯೇಟರ್, ಮೂತ್ರಪಿಂಡ, ಹೃದಯ, ನರರೋಗ, ಸುಟ್ಟಗಾಯ, ವೃದ್ಧರ ಆರೈಕೆ, ಮನೋರೋಗ, ಹೀಗೆ ಹತ್ತಾರು ವಿಭಾಗಗಳಿವೆ. ರಾಜ್ಯದ ಕೌನ್ಸಿಲಿನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಎಂದು ನೋಂದಣಿ ಆಗಿರಬೇಕು, ಒಂದು ವರ್ಷವಾದರೂ ವಾರ್ಡಿನಲ್ಲಿ ದುಡಿದಿರಬೇಕು. ಇಲ್ಲಿ ತರಗತಿಯ ಪಾಠ ಕಡಿಮೆ, ವಾರ್ಡಿನ ಕೆಲಸವೇ ಹೆಚ್ಚು. ಇದಕ್ಕಿಂತ ಉದ್ದದವೂ ಇವೆ. ತೀವ್ರ ನಿಗಾ ವಿಭಾಗದ ನರ್ಸ್ ಪ್ರಾಕ್ಟೀಷನರ್ ಎರಡು ವರ್ಷದ ಸ್ನಾತಕೋತ್ತರ ಓದು. 2018ರಲ್ಲಿ ಕೇಂದ್ರ ಸರ್ಕಾರ ಹೆರಿಗೆ ಸೇವೆಯ ಮಾರ್ಗಸೂಚಿ ತಂದ ಮೇಲೆ ಮಿಡ್‌ವೈಫರಿಯಲ್ಲಿ ಹದಿನೆಂಟು ತಿಂಗಳ ನರ್ಸ್ ಪ್ರಾಕ್ಟೀಷನರ್ ತರಬೇತಿ ಬಂತು. ಚಿಕ್ಕವೂ ಇವೆ, ಆರು ವಾರದಿಂದ ಆರು ತಿಂಗಳವರೆಗೆ. ಇಗ್ನೋದ ಸಮುದಾಯ ಆರೋಗ್ಯ ಸರ್ಟಿಫಿಕೇಟು ಆರು ತಿಂಗಳದು, ಹಳ್ಳಿಯ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಲು ಬೇಕಾದದ್ದು. ಈಚಿನ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ಅದೂ ಸೇರಿಕೊಂಡಿದೆ. ನಿನ್ನ ಬ್ಯಾಚಿಗೆ ಸೇರಿತ್ತೋ ಇಲ್ಲವೋ ಕಾಲೇಜಿನಲ್ಲಿ ಕೇಳಿಕೋ. ಒಮ್ಮೆ ಓದಿದ್ದಕ್ಕೆ ಎರಡನೇ ಸಲ ದುಡ್ಡು ಕಟ್ಟಬೇಡ.

ಇವೆಲ್ಲದರ ಪಕ್ಕದಲ್ಲಿ, ಹೊಳೆಯುವ ಕಾಗದದ ಮೇಲೆ ಅಚ್ಚಾದ ಇನ್ನೊಂದು ಜಾತಿಯ ಸರ್ಟಿಫಿಕೇಟುಗಳಿವೆ. ನೀನು ಕಳಿಸಿದ್ದರಲ್ಲೂ ಒಂದಿದೆ. ಮೂರು ತಿಂಗಳು ಮನೆಯಲ್ಲೇ ಕೂತು ಮೊಬೈಲಿನಲ್ಲಿ ಪಾಠ ಕೇಳಿದರೆ ಐಸಿಯು ನರ್ಸ್ ಎಂದು ಕಾಗದ ಕೊಡುತ್ತಾರಂತೆ. ವೆಂಟಿಲೇಟರಿನ ಅಲಾರ್ಮ್ ಹೊಡೆದಾಗ ಮೊದಲು ರೋಗಿಯ ಎದೆ ಏಳುತ್ತಿದೆಯೇ ಎಂದು ನೋಡಬೇಕು, ಆಮೇಲೆ ಯಂತ್ರವನ್ನು ನೋಡಬೇಕು. ಆ ಅಭ್ಯಾಸ ಬರುವುದು ಹಿರಿಯ ಸಿಸ್ಟರ್ ಒಬ್ಬಳು ಪಕ್ಕದಲ್ಲಿ ನಿಂತು ರಾತ್ರಿಗಟ್ಟಲೆ ತಿದ್ದಿದಾಗ. ಮೊಬೈಲಿನ ಪಾಠ ಬೇಡ ಅನ್ನುವುದಿಲ್ಲ. ಗೊತ್ತಿದ್ದದ್ದನ್ನು ಹೊಸದು ಮಾಡಿಕೊಳ್ಳಲು ಅದು ಒಳ್ಳೆಯದೇ. ಆದರೆ ಕೈಗೆ ಕೆಲಸ ಕಲಿಸುತ್ತೇನೆ ಎಂದು ಅದು ಹೇಳಿದರೆ ನಂಬಬೇಡ.

ಆದ್ದರಿಂದ ಸೇರುವ ಮುಂಚೆ ಆ ಕಾಲೇಜಿಗೆ ನೀನೇ ಹೋಗು. ಈ ಕೋರ್ಸಿಗೆ ಕೌನ್ಸಿಲಿನ ಒಪ್ಪಿಗೆ ಈ ವರ್ಷಕ್ಕೆ ಇದೆಯೇ, ಕಾಗದ ತೋರಿಸಿ ಎಂದು ಕೇಳು. ಹೋದ ವರ್ಷದ್ದು ತೋರಿಸಿದರೆ ಸಾಲದು. ಮುಗಿಸಿದ ಮೇಲೆ ಚೆನ್ನೈನಲ್ಲಿರುವ ತಮಿಳುನಾಡು ನರ್ಸುಗಳ ಮತ್ತು ಮಿಡ್‌ವೈಫ್‌ಗಳ ಕೌನ್ಸಿಲಿನಲ್ಲಿ ಇದನ್ನು ಹೆಚ್ಚುವರಿ ಅರ್ಹತೆಯಾಗಿ ಸೇರಿಸುತ್ತಾರೆಯೇ ಎಂದು ಕೇಳು. ಬೆಂಗಳೂರಿನಲ್ಲಿ ಓದಿದರೂ ನಿನ್ನ ನೋಂದಣಿ ಇರುವುದು ಚೆನ್ನೈನಲ್ಲಿ. ಆಮೇಲೆ ವಾರ್ಡಿಗೆ ಹೋಗಿ ಹಾಸಿಗೆಗಳನ್ನು ನೀನೇ ಎಣಿಸು. ಈಗ ಓದುತ್ತಿರುವ ಹುಡುಗಿಯೊಬ್ಬಳನ್ನು ಊಟದ ಹೊತ್ತಿನಲ್ಲಿ ಹಿಡಿದು, ನಿಮ್ಮನ್ನು ಕಲಿಸಲು ಇಟ್ಟುಕೊಂಡಿದ್ದಾರೋ ಸಿಬ್ಬಂದಿ ಕಡಿಮೆ ಎಂದು ಇಟ್ಟುಕೊಂಡಿದ್ದಾರೋ ಎಂದು ಕೇಳು. ಅವಳು ನಿಜ ಹೇಳುತ್ತಾಳೆ. ನಿನ್ನ ಮೂಲ ಸರ್ಟಿಫಿಕೇಟುಗಳನ್ನು ಯಾರ ಕೈಯಲ್ಲೂ ಒತ್ತೆ ಇಡಬೇಡ. ಪರಿಶೀಲನೆಗೆ ಕೊಟ್ಟರೆ ಅದೇ ದಿನ ವಾಪಸು ತೆಗೆದುಕೋ.

ಕಾನೂನುಗಳೂ ಬದಲಾಗುತ್ತಿವೆ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂತು. ಅದಕ್ಕೂ ಮುಂಚೆ, 2021ರಲ್ಲಿ, ಫಿಸಿಯೋಥೆರಪಿ, ಲ್ಯಾಬು, ಡಯಾಲಿಸಿಸ್, ಕಣ್ಣಿನ ಪರೀಕ್ಷೆಯಂಥ ಕೆಲಸ ಮಾಡುವವರಿಗೆ ಪ್ರತ್ಯೇಕ ಆಯೋಗ ಬೇಕೆಂದು ಇನ್ನೊಂದು ಕಾಯ್ದೆ ಆಯಿತು. ಲ್ಯಾಬ್ ಟೆಕ್ನೀಷಿಯನ್ ಕೋರ್ಸಿಗೆ ಹೊರಟಿರುವ ನಿನ್ನ ತಮ್ಮನಿಗೂ ಇದನ್ನು ಹೇಳು. ಹಳೆಯ ನಂಬಿಕೆಯ ಮೇಲೆ ದುಡ್ಡು ಕಟ್ಟಬಾರದು, ಹೊಸ ನಿಯಮ ನೋಡಿಕೊಂಡು ಕಟ್ಟಬೇಕು.

ಈಗ ರೋಗಿಯ ಮಾತಿಗೆ ಬರುತ್ತೇನೆ. ಹೋದ ತಿಂಗಳು ನೀನು ಫೋನ್ ಮಾಡಿದಾಗ ತೀವ್ರ ನಿಗಾ ಕೋರ್ಸಿನ ಬಗ್ಗೆ ಒಂದೇ ಒಂದು ಮಾತು ಹೇಳಿದೆ, ಸಂಬಳ ಜಾಸ್ತಿ ಎಂದು. ದ್ರಾಕ್ಷಿ ತೋಟದಿಂದ ವಿಷ ಕುಡಿದು ಬಂದ ಹುಡುಗನ ಬಗ್ಗೆ ಮಾತ್ರ ಬಹಳ ಹೊತ್ತು ಹೇಳಿದೆ. ತೋಟಕ್ಕೆ ಹೊಡೆಯುವ ಔಷಧಿ ಕುಡಿದಿದ್ದ. ಅಟ್ರೋಪಿನ್ ಕೊಟ್ಟು, ಬಾಯಿಯ ನೊರೆ ತೆಗೆದು, ಕಣ್ಣಿನ ಪಾಪೆ ನೋಡುತ್ತಾ ನೀವೆಲ್ಲ ಅವನನ್ನು ಉಳಿಸಿಕೊಂಡಿರಿ. ನಿನಗೆ ನೋವಾದದ್ದು ಅವನು ಉಳಿದ ಮೇಲೆ. ವಾರ್ಡಿನಲ್ಲಿ ಅವನನ್ನು ಬಿ.ಪಿ. ಎಷ್ಟು, ಮೂತ್ರ ಹೋಯಿತೇ ಎಂದು ಎಲ್ಲರೂ ಕೇಳಿದರು, ಯಾಕಪ್ಪ ಕುಡಿದೆ ಎಂದು ಒಬ್ಬರೂ ಕೇಳಲಿಲ್ಲ, ಕೇಳೋಣ ಎಂದರೆ ನನಗೂ ಬಾಯಿ ಬರಲಿಲ್ಲ ಅತ್ತೆ ಎಂದು ಕಣ್ಣೀರಿಟ್ಟೆ ನೀನು.

ಮಗಳೇ, ನಿನ್ನ ಕೋರ್ಸು ಅಲ್ಲಿದೆ. ಆ ಬಾಯಿ ಬರುವುದನ್ನು ಕಲಿಸುವ ಓದು ಒಂದಿದೆ. ಅದು ಮನೋರೋಗ ಶುಶ್ರೂಷೆಯ ಒಂದು ವರ್ಷದ ಡಿಪ್ಲೊಮಾ.

ಹೀಗಂದರೆ ನಿನ್ನಪ್ಪ ಮುಖ ಸಿಂಡರಿಸುತ್ತಾನೆ, ಗೊತ್ತು. "ಹುಚ್ಚರ ಆಸ್ಪತ್ರೆಗೆ ಹೆಣ್ಣುಮಗುವನ್ನು ಕಳಿಸುವುದೇ?" ಎನ್ನುತ್ತಾನೆ. ನಾನು ಬೆಂಗಳೂರಿನಲ್ಲಿ ಅದನ್ನು ಓದಲು ಹೊರಟಾಗ ನಮ್ಮಪ್ಪನೂ ಇದೇ ಮಾತು ಆಡಿದ್ದರು. ನಿನ್ನಪ್ಪನಿಗೆ ಏರ್ವಾಡಿಯನ್ನು ನೆನಪಿಸು. 2001ರ ಆಗಸ್ಟ್ 6ರಂದು ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ, ಮನೋರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಒಂದು ಖಾಸಗಿ ಶೆಡ್ಡಿಗೆ ಬೆಳಗಿನ ಜಾವ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಓಡಲಾಗದೆ 28 ಜನ ಸುಟ್ಟುಹೋದರು. ಊರಲ್ಲಿ ಕೇಳುವವರು, ಆರೈಕೆ ಮಾಡುವವರು ಇಲ್ಲದ್ದಕ್ಕೇ ಮನೆಯವರು ಎಲ್ಲೆಲ್ಲಿಂದಲೋ ತಮ್ಮವರನ್ನು ಅಲ್ಲಿಗೆ ಒಯ್ದು ಬಿಟ್ಟಿದ್ದರು. ಆ ಬೆಳಗ್ಗೆಯ ಸುದ್ದಿ ನನಗೆ ಇವತ್ತಿಗೂ ತಣ್ಣಗಾಗಿಲ್ಲ. ತಾಲ್ಲೂಕಿಗೊಬ್ಬ ತಿಳಿದ ನರ್ಸ್ ಇದ್ದು, ತಿಂಗಳಿಗೊಮ್ಮೆ ಮಾತ್ರೆ ಕೊಟ್ಟು ಮಾತಾಡಿಸಿ ಕಳಿಸುತ್ತಿದ್ದರೆ ಅವರಲ್ಲಿ ಎಷ್ಟು ಜನ ತಮ್ಮ ಮನೆಯ ಜಗಲಿಯ ಮೇಲೆ ಕೂತಿರುತ್ತಿದ್ದರೋ.

ಹಾಗೆ ಮಾಡಬಹುದು ಎಂದು ತೋರಿಸಿದ್ದು ನಮ್ಮ ಭಾಷೆಯ ನೆಲವೇ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸುವುದನ್ನೂ ಮಾತ್ರೆ ಮುಂದುವರಿಸುವುದನ್ನೂ ಕಲಿಸಿತು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆ ತಂಡಗಳಲ್ಲಿ ಮನೋರೋಗ ನರ್ಸಿಗೆ ಜಾಗ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಮಾನಸಿಕ ಆರೋಗ್ಯ ನರ್ಸ್ ಎಂದರೆ ಯಾರು ಎಂದು ಹೇಳಿದ್ದಾರೆ. ನಿನ್ನ ದ್ರಾಕ್ಷಿ ತೋಟದ ಹುಡುಗನಿಗೂ ಆ ಕಾಯ್ದೆಯಲ್ಲಿ ಮಾತಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದು 115ನೇ ಕಲಮು ಹೇಳುತ್ತದೆ. ಪೊಲೀಸ್ ಕೇಸಿಗೆ ಹೆದರಿ ಮನೆಯವರು "ಬಾಯಿ ತಪ್ಪಿ ಕುಡಿದುಬಿಟ್ಟ" ಎನ್ನುವಾಗ, ಹಾಸಿಗೆಯ ಪಕ್ಕ ನಿಂತು ಈ ಮಾತನ್ನು ಹೇಳಲು ಒಬ್ಬಳು ಬೇಕು.

ಬೆಂಗಳೂರಿಗೆ ಹೋದರೆ ನಿನ್ನ ಮಾತಿಗೂ ಒಂದು ಉಪಯೋಗ ಬರುತ್ತದೆ. ನಮ್ಮ ಹಿರಿಯರು ಮೈಸೂರು ಸೀಮೆ ಬಿಟ್ಟು ಈ ಕಂಬಂ ಕಣಿವೆಗೆ ಬಂದು ಶತಮಾನಗಳೇ ಆದವು. ಕಂಬಂ, ಉತ್ತಮಪಾಳ್ಯಂ, ಬೋಡಿಯ ಕಪ್ಪಿಲಿಯರು, ಅನುಪ್ಪರು, ದಿಂಡಿಗಲ್ ಕಡೆ ಚಿನ್ನಾಳಪಟ್ಟಿಯ ದೇವಾಂಗ ನೇಕಾರರು, ಬರೆಯುವುದು ತಮಿಳಾದರೂ ಅಡುಗೆಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡೆವು. ನಮ್ಮ ಕನ್ನಡ ಕೇಳಿ ಅಲ್ಲಿ ಮೊದಮೊದಲು ನಗುತ್ತಾರೆ. ನಗಲಿ ಬಿಡು. ನಾನು ಓದಿದ ವರ್ಷ, ಗಡಿ ಹಳ್ಳಿಯ ಒಬ್ಬ ಮುದುಕಿ ಡಾಕ್ಟರಿಗೂ ಹೇಳದ್ದನ್ನು ನನ್ನ ಹತ್ತಿರ ಹೇಳುತ್ತಿದ್ದಳು, ನಾನು ಅವಳಂತೆಯೇ ಮಾತಾಡುತ್ತೇನೆ ಎಂದು. ಮನೋರೋಗದ ವಾರ್ಡಿನಲ್ಲಿ ಮಾತೇ ಅರ್ಧ ಔಷಧಿ. ನಿನಗೆ ತಮಿಳು, ಕನ್ನಡ ಎರಡೂ ಬರುತ್ತವೆ, ಕೇರಳದ ಕುಮಳಿ ಪಕ್ಕದಲ್ಲೇ ಇರುವುದರಿಂದ ಮಲಯಾಳವೂ ಕಿವಿಗೆ ಬಿದ್ದಿದೆ. ಅಕ್ಷರವನ್ನು ಅಲ್ಲೇ ಕಲಿತುಕೋ. ನಾನೂ ಅಲ್ಲೇ ಕಲಿತದ್ದು, ಕೇಸ್ ಶೀಟಿನ ಮೇಲಿನ ಹೆಸರು ಕೂಡಿಸಿ ಓದುತ್ತಾ.

ಇಷ್ಟು ಹೇಳಿದ ಮೇಲೂ ಮನಸ್ಸು ಆ ಕಡೆ ಇಲ್ಲ ಅಂದರೆ ಬಲವಂತ ಮಾಡುವುದಿಲ್ಲ. ನಿನ್ನ ಗೆಳತಿಯರಿಗೂ ಇದೇ ಅಳತೆ ಹೇಳು. ನಮ್ಮ ಕಣಿವೆಯಲ್ಲಿ ಯಾವ ರೋಗಿಗೆ ಕೊರತೆ? ಕಾರ್ತೀಕ ಬಂದರೆ ಅಯ್ಯಪ್ಪನ ಮಾಲೆ ಹಾಕಿದವರ ಗಾಡಿಗಳು ದಿಂಡಿಗಲ್ಲಿನಿಂದ ತೇನಿ, ಕಂಬಂ ದಾಟಿ ಕುಮಳಿ ಘಾಟಿಯವರೆಗೆ ಸಾಲುಗಟ್ಟುತ್ತವೆ. ಕರ್ನಾಟಕದ ನಂಬರು ಪ್ಲೇಟಿನವೂ ಎಷ್ಟೋ. ಬೆಳಗಿನ ಜಾವದಲ್ಲಿ ಏಲಕ್ಕಿ ತೋಟಕ್ಕೆ ಹೆಂಗಸರನ್ನು ತುಂಬಿಕೊಂಡ ಜೀಪುಗಳು ಬೋಡಿಮೆಟ್ಟು ಹತ್ತುತ್ತವೆ. ಅಪಘಾತದ ಮೊದಲ 48 ಗಂಟೆಯ ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ಯೋಜನೆಯನ್ನು ತಮಿಳುನಾಡು ಸರ್ಕಾರ 2021ರ ಡಿಸೆಂಬರಿನಲ್ಲಿ ತಂದಿತು. ಚಿಕಿತ್ಸೆ ಉಚಿತವಾದರೂ ತುರ್ತು ವಿಭಾಗದಲ್ಲಿ ಯಾರನ್ನು ಮೊದಲು ನೋಡಬೇಕೆಂದು ಕ್ಷಣದಲ್ಲಿ ತೀರ್ಮಾನಿಸುವ ಕಣ್ಣು ಬೇಕಲ್ಲ, ಅದಕ್ಕೆ ತುರ್ತು ಶುಶ್ರೂಷೆಯ ಡಿಪ್ಲೊಮಾ. ಸುಟ್ಟಗಾಯದ ಕೋರ್ಸು ಯಾರಿಗೆ ಬೇಕು ಎಂದು ನೀನೇ ಒಮ್ಮೆ ಕೇಳಿದ್ದೆ. 2018ರ ಮಾರ್ಚ್ 11ರಂದು ಕುರಂಗಣಿ ಬೆಟ್ಟದ ಕಾಳ್ಗಿಚ್ಚಿನಲ್ಲಿ ಚಾರಣಕ್ಕೆ ಬಂದಿದ್ದವರು ಸಿಕ್ಕಿಕೊಂಡು, ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಬೋಡಿಯಿಂದ ತೇನಿಗೆ, ತೇನಿಯಿಂದ ಮಧುರೆಗೆ ಅವರನ್ನು ಸಾಗಿಸಿದ್ದನ್ನು ಕಂಡವರು ಆ ಪ್ರಶ್ನೆ ಕೇಳುವುದಿಲ್ಲ.

ಇನ್ನೊಂದು ಇದೆ, ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಗುಣವಾಗದ ಕಾಯಿಲೆಯವರ ಆರೈಕೆ, ಪ್ಯಾಲಿಯೇಟಿವ್ ಅನ್ನುತ್ತಾರಲ್ಲ. ದೊಡ್ಡಾಸ್ಪತ್ರೆಯಲ್ಲಿ "ಇನ್ನು ಮನೆಗೆ ಕರೆದುಕೊಂಡು ಹೋಗಿ" ಎಂದು ಕಳಿಸಿದ ಮೇಲೆ ಆ ಕ್ಯಾನ್ಸರ್ ರೋಗಿ ಎಲ್ಲಿಗೆ ಹೋಗಬೇಕು? ನಮ್ಮ ಬೀದಿಗೇ ಬರುತ್ತಾನೆ. ಇದರಲ್ಲಿ ನರ್ಸುಗಳಿಗೆಂದೇ ಆರು ವಾರದ ಸರ್ಟಿಫಿಕೇಟ್ ಕೋರ್ಸುಗಳಿವೆ, ಘಾಟಿಯ ಆಚೆ ಕೇರಳದಲ್ಲಿ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಕೆಲಸ ಅದು. ತಿರುವನಂತಪುರದಲ್ಲಿ ಡಾ. ಎಂ.ಆರ್. ರಾಜಗೋಪಾಲ್ 2003ರಲ್ಲಿ ಕಟ್ಟಿದ ಪ್ಯಾಲಿಯಂ ಇಂಡಿಯಾವೂ ಇದೆ. ಬೆಂಗಳೂರಿನಲ್ಲಿ ಕರುಣಾಶ್ರಯ ಹಣ ತೆಗೆದುಕೊಳ್ಳದೆ ಇಂಥವರನ್ನು ನೋಡಿಕೊಳ್ಳುತ್ತದೆ. ಆರು ವಾರದಲ್ಲಿ ಏನು ಕಲಿಯುತ್ತಾರೆ ಅಂತೀಯಾ? ಮಾರ್ಫಿನ್ ಮಾತ್ರೆಯನ್ನು ನೋವು ಬಂದಾಗ ಕೊಡುವುದಲ್ಲ, ನೋವು ಬರುವ ಮುಂಚೆ ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ಜೊತೆಯಲ್ಲಿ ಮಲಬದ್ಧತೆಗೆ ಮದ್ದು ಇರಲೇಬೇಕು. ಬೆನ್ನು ಹುಣ್ಣಾಗದಂತೆ ಎಷ್ಟು ಹೊತ್ತಿಗೆ ಮಗ್ಗುಲು ಬದಲಿಸಬೇಕು, ಕೊಳೆತ ಗಾಯದ ವಾಸನೆಯನ್ನು ಹೇಗೆ ತಗ್ಗಿಸಬೇಕು, ಸೊಸೆಗೆ ಇದನ್ನೆಲ್ಲ ಹೇಗೆ ಕಲಿಸಬೇಕು, "ನಾನು ಸಾಯ್ತೀನಾ ಸಿಸ್ಟರ್?" ಎಂದು ಕೇಳಿದಾಗ ಮುಖ ತಿರುಗಿಸದೆ ಹೇಗೆ ಕೂರಬೇಕು. ನಾಲ್ಕು ವರ್ಷದ ಡಿಗ್ರಿಯಲ್ಲಿ ಇದಕ್ಕೆ ಸಿಗುವ ಹೊತ್ತು ಬಹಳ ಕಡಿಮೆ. 2021ರ ಆಗಸ್ಟಿನಲ್ಲಿ ಶುರುವಾದ ತಮಿಳುನಾಡು ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಮನೆಮನೆಗೆ ಹೋಗುವ ಪ್ಯಾಲಿಯೇಟಿವ್ ನರ್ಸುಗಳಿದ್ದಾರೆ. ಊರು ಬಿಡಲಾಗದ, ಮಗು ಚಿಕ್ಕದಿರುವ ನಿನ್ನ ಗೆಳತಿಗೆ ನಾನು ಇದನ್ನೇ ಹೇಳುವುದು.

ಊರಿನ ರೋಗಿಯನ್ನು ನೋಡಿ ಓದನ್ನು ಕಟ್ಟುವುದು ನಮ್ಮ ದಿಂಡಿಗಲ್ ಸೀಮೆಗೆ ಹೊಸದಲ್ಲ. ಡಾ. ಸೌಂದರಂ ರಾಮಚಂದ್ರನ್ ಟಿ.ವಿ.ಎಸ್. ಮನೆತನದ ಮಗಳು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ, ಆಮೇಲೆ ದಿಲ್ಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ವೈದ್ಯಕೀಯ ಓದಿದರು. ಮರುಮದುವೆಯ ಗಂಡ ಜಿ. ರಾಮಚಂದ್ರನ್ ಜೊತೆ 1947ರಲ್ಲಿ ಗಾಂಧಿಗ್ರಾಮ ಕಟ್ಟಿದಾಗ ಅವರು ಮೊದಲು ಕೈಹಾಕಿದ್ದು ಚಿನ್ನಾಳಪಟ್ಟಿಯ ಹೆಂಗಸರ ಹೆರಿಗೆಗೆ. ಆ ಪುಟ್ಟ ಹೆರಿಗೆ ಕೇಂದ್ರವೇ ಬೆಳೆದು ಕಸ್ತೂರ್ಬಾ ಆಸ್ಪತ್ರೆಯಾಯಿತು. 1960ರ ದಶಕದಲ್ಲಿ ಗಾಂಧಿಗ್ರಾಮದವರು ಪಕ್ಕದ ಆತ್ತೂರು ಬ್ಲಾಕಿನಲ್ಲಿ ಕುಟುಂಬ ಕಲ್ಯಾಣದ ಕೆಲಸ ಮಾಡಿ ದೇಶಕ್ಕೇ ತೋರಿಸಿದರು. ಅದನ್ನು ಮನೆಮನೆಗೆ ಒಯ್ದದ್ದು ನರ್ಸಮ್ಮಗಳು. ಗಾಂಧಿಗ್ರಾಮದಲ್ಲಿ ಇವತ್ತಿಗೂ ಆರೋಗ್ಯ ಕಾರ್ಯಕರ್ತರ ತರಬೇತಿ ನಡೆಯುತ್ತದೆ. ಡಾ. ಗೋವಿಂದಪ್ಪ ವೆಂಕಟಸ್ವಾಮಿ 1976ರಲ್ಲಿ ಮಧುರೆಯಲ್ಲಿ ಅರವಿಂದ ಕಣ್ಣಾಸ್ಪತ್ರೆ ತೆರೆದು, ಪ್ಲಸ್ ಟೂ ಮುಗಿಸಿದ ಹಳ್ಳಿ ಹುಡುಗಿಯರನ್ನೇ ಕರೆದು ಎರಡು ವರ್ಷ ಕಣ್ಣಿನ ಕೆಲಸಕ್ಕೆ ಪಳಗಿಸುವ ಪದ್ಧತಿ ಮಾಡಿದರು. ತೇನಿಯಲ್ಲೂ ಅವರ ಆಸ್ಪತ್ರೆ ಇದೆ. ಡಿಗ್ರಿ ಸೀಟು ಸಿಗಲಿಲ್ಲ ಎಂದು ಅಳುತ್ತಿದ್ದಾಳಲ್ಲ ನಿನ್ನ ಚಿಕ್ಕಪ್ಪನ ಮಗಳು, ಅವಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗು.

ಆಸ್ಟ್ರೇಲಿಯಾದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ ಗ್ರ್ಯಾಜುಯೇಟ್ ಸರ್ಟಿಫಿಕೇಟ್ ಎನ್ನುವುದು ಡಿಗ್ರಿಯ ಮೇಲಿನ ಗೌರವದ ಓದೇ. ಪೂರ್ಣಾವಧಿ ಓದಿದರೆ ಸುಮಾರು ಆರು ತಿಂಗಳು. ಆದರೆ ಅದು ಅಲ್ಲಿ ಈಗಾಗಲೇ ನರ್ಸ್ ಆಗಿರುವವರು ಒಂದು ವಿಭಾಗದಲ್ಲಿ ಪಳಗಲು ಮಾಡಿದ್ದು. ಅದನ್ನು ಓದಿದ ಮಾತ್ರಕ್ಕೆ ನಿನಗೆ ಅಲ್ಲಿ ನರ್ಸಿಂಗ್ ನೋಂದಣಿ ಸಿಗುವುದಿಲ್ಲ. ಅದಕ್ಕೆ ಇಂಗ್ಲಿಷ್ ಪರೀಕ್ಷೆ, ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಪರೀಕ್ಷೆ, ಕೈಯಾರೆ ಮಾಡಿ ತೋರಿಸುವ ಪರೀಕ್ಷೆ ಎಂದು ದಾರಿಯೇ ಬೇರೆ. ಏಜೆಂಟು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ, ನೀನು ಬಿಡಿಸಿ ಕೇಳು. ತೋಟ ಅಡವಿಟ್ಟು ಹೋಗುವ ಮಾತಂತೂ ಬೇಡವೇ ಬೇಡ. ಹೊರದೇಶಕ್ಕೆ ಹೋಗಲೇಬೇಕೆಂದರೆ ಚೆನ್ನೈನಲ್ಲಿ ತಮಿಳುನಾಡು ಸರ್ಕಾರದ್ದೇ ಸಾಗರೋತ್ತರ ಉದ್ಯೋಗ ನಿಗಮ ಇದೆ, ಮೊದಲು ಅಲ್ಲಿ ವಿಚಾರಿಸು. ಇಲ್ಲಿ ಒಂದು ವಿಭಾಗದಲ್ಲಿ ಗಟ್ಟಿಯಾಗಿ ಮೂರು ವರ್ಷ ಕೆಲಸ ಮಾಡಿದವಳಿಗೆ ಅಲ್ಲೂ ಬೆಲೆ ಇದೆ.

ದುಡ್ಡಿನ ಮಾತು ಉಳಿಯಿತು. ಒಂದು ವರ್ಷ ಸಂಬಳ ಇರುವುದಿಲ್ಲ, ಸ್ಟೈಪೆಂಡ್ ಕೊಟ್ಟರೂ ಸಾಲದು. ಈಗಿನ ಆಸ್ಪತ್ರೆಯಲ್ಲಿ ರಜೆ ಕೊಟ್ಟು ಕಳಿಸುತ್ತಾರೆಯೇ ಎಂದು ಕೇಳು. ಕಳಿಸಿದರೆ, ವಾಪಸು ಬಂದು ಎಷ್ಟು ವರ್ಷ ದುಡಿಯಬೇಕು, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಎನ್ನುವುದು ಬರಹದಲ್ಲಿರಲಿ, ನಿನ್ನ ಪ್ರತಿ ನಿನ್ನ ಹತ್ತಿರವಿರಲಿ. ವಾಪಸು ಬಂದ ಮೇಲೆ ಆ ವಿಭಾಗದಲ್ಲೇ ಹಾಕುತ್ತಾರೆಯೇ ಎಂದೂ ಕೇಳು. ಮನೋರೋಗ ಶುಶ್ರೂಷೆ ಓದಿ ಬಂದವಳನ್ನು ಹೊರರೋಗಿ ಚೀಟಿ ಬರೆಯಲು ಕೂರಿಸಿದ್ದನ್ನು ನೋಡಿದ್ದೇನೆ. ಎರಡು ವರ್ಷ ಹಾಗೆ ಕೂತವಳಿಗೆ ಕಲಿತದ್ದು ಮಂಕಾಗುತ್ತದೆ. ಮದುವೆಯ ಮಾತು ಎತ್ತಿದರೆ, ಕೋರ್ಸು ಮುಗಿದ ಮೇಲೆ ನೋಡೋಣ ಎಂದು ನಾನೇ ಹೇಳುತ್ತೇನೆ. ನಿನ್ನಪ್ಪನನ್ನು ನನಗೆ ಬಿಡು.

ನೀನು ಮಾಡಬೇಕಾದ್ದು ಇಷ್ಟು. ನಿನ್ನ ನೋಂದಣಿ ನವೀಕರಣದ ತಾರೀಕು ನೋಡಿಕೋ. ಐದು ವರ್ಷಕ್ಕೊಮ್ಮೆ ಅದು ಬರುತ್ತದೆ, ಅದಕ್ಕೆ ತರಬೇತಿ ಗಂಟೆಗಳ ಲೆಕ್ಕ ತೋರಿಸಬೇಕು, ಕಾರ್ಯಾಗಾರದ ಚೀಟಿಗಳನ್ನು ಎಸೆಯಬೇಡ. ಅನುಭವ ಪತ್ರದಲ್ಲಿ ಸೇರಿದ ದಿನ, ಯಾವ ವಾರ್ಡು ಎನ್ನುವುದು ಸ್ಪಷ್ಟವಾಗಿ ಇರುವಂತೆ ಈಗಲೇ ಬರೆಸಿಕೋ. ಕೌನ್ಸಿಲಿಗೆ ಹೋಗಬೇಕಾದರೆ 2023ರಿಂದ ಬೋಡಿಯಿಂದಲೇ ಚೆನ್ನೈಗೆ ರೈಲಿದೆ, ಮಧುರೆಯಲ್ಲಿ ಇಳಿದು ಹತ್ತುವ ಕೆಲಸವಿಲ್ಲ. ಆಮೇಲೆ ರಜೆ ಹಾಕಿ ಬೆಂಗಳೂರಿಗೆ ಹೋಗಿ ನಿಮ್ಹಾನ್ಸ್‌ನ ನರ್ಸಿಂಗ್ ವಿಭಾಗದಲ್ಲಿ ಈ ಸಲದ ಅರ್ಜಿ ಯಾವಾಗ ಎಂದು ಕೇಳಿಕೊಂಡು ಬಾ, ಹೊರರೋಗಿ ವಿಭಾಗದ ಬೆಂಚಿನ ಮೇಲೆ ಒಂದು ಬೆಳಗ್ಗೆ ಕೂತು ಬಂದವರನ್ನು ನೋಡು. ಅದಕ್ಕೂ ಮುಂಚೆ ದ್ರಾಕ್ಷಿ ತೋಟದ ಆ ಹುಡುಗನ ಊರು ಯಾವುದೆಂದು ಆಸ್ಪತ್ರೆಯ ದಾಖಲೆಯಲ್ಲಿದೆಯಲ್ಲ, ಅವನು ಮರುಪರೀಕ್ಷೆಗೆ ಬಂದನೇ ನೋಡು. ಬರದಿದ್ದರೆ ಡಾಕ್ಟರಿಗೆ ಹೇಳಿ, ಅವರ ಮೂಲಕ ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ತಿಳಿಸು. ಅದಕ್ಕೆ ಯಾವ ಸರ್ಟಿಫಿಕೇಟೂ ಬೇಕಾಗಿಲ್ಲ, ನಾಳೆಯೇ ಮಾಡಬಹುದು.